ಎಂಟು ಭಾನುವಾರ, ಒಂದು ಕಾಟಿ

ನಾನು ವಾಸ್ಕೊದಲ್ಲಿ ಕುಶನ್ ಕೆಲಸ ಮಾಡುವವನು. ಸೋಫಾ, ಕಾರಿನ ಸೀಟು, ಬೈಕಿನ ಸೀಟು, ಏನು ಬಂದರೂ ಹೊಲಿಯುತ್ತೇನೆ. ಹುಟ್ಟೂರು ಹಾವೇರಿ ಜಿಲ್ಲೆ, ಗೋವೆಗೆ ಬಂದು 18 ವರ್ಷ ಆಯಿತು. ಈ ಚಳಿಗಾಲದಲ್ಲಿ ಎಂಟು ಭಾನುವಾರ ಕೂತು ಒಂದು ಕಾಡುಕೋಣದ ತಲೆ ಕಟ್ಟಿದೆ. ಮನುಷ್ಯ ಹಾಕಿಕೊಂಡು ಓಡಾಡುವಂಥ ತಲೆ. ದೊಡ್ಡ ಕ್ರೀಡಾಕೂಟಗಳಲ್ಲಿ ಮ್ಯಾಸ್ಕಟ್ ಅಂತ ಇರುತ್ತದಲ್ಲ, ಅಂಥದ್ದು. ಫೋಮ್ ಕೆಲಸ ಬಲ್ಲ ಯಾರು ಬೇಕಾದರೂ ಇದನ್ನು ಮಾಡಬಹುದು. ಆದರೆ ನಾನು ಕೆಡಿಸಿಕೊಂಡ ಕಡೆ ಅವರೂ ಕೆಡಿಸಿಕೊಳ್ಳಬಾರದು ಅಂತ ಎಲ್ಲವನ್ನೂ ಬರೆದಿಡುತ್ತಿದ್ದೇನೆ.

ಇದು ಶುರುವಾಗಿದ್ದು 2023ರಲ್ಲಿ. ಆ ವರ್ಷ ಅಕ್ಟೋಬರ್ 26ರಿಂದ ನವೆಂಬರ್ 9ರವರೆಗೆ 37ನೇ ರಾಷ್ಟ್ರೀಯ ಕ್ರೀಡಾಕೂಟ ಗೋವೆಯಲ್ಲಿ ನಡೆಯಿತು. ಎಷ್ಟೋ ವರ್ಷ ಮುಂದಕ್ಕೆ ಹೋಗುತ್ತಲೇ ಇದ್ದ ಕೂಟ ಅದು, ಕೊನೆಗೂ ಬಂತು. ಮಡಗಾಂವಿನ ಫತೋರ್ಡಾ ಸ್ಟೇಡಿಯಂನಲ್ಲಿ ಉದ್ಘಾಟನೆ. ಆ ದಿನಗಳಲ್ಲಿ ಎಲ್ಲಿ ನೋಡಿದರೂ ಮೋಗಾನ ಚಿತ್ರ. ಮೋಗಾ ಆ ಕೂಟದ ಮ್ಯಾಸ್ಕಟ್, ಒಂದು ಕಾಡುಕೋಣ. ಗೋವೆಯ ರಾಜ್ಯ ಪ್ರಾಣಿಯೂ ಅದೇ. ಕೊಂಕಣಿಯಲ್ಲಿ ಮೋಗ್ ಅಂದರೆ ಪ್ರೀತಿ. ಒಂದು ಟನ್‌ವರೆಗೂ ತೂಗುವ ಪ್ರಾಣಿಗೆ ಪ್ರೀತಿ ಅಂತ ಹೆಸರಿಟ್ಟಿದ್ದು ನನಗೆ ತುಂಬಾ ಹಿಡಿಸಿತು.

ನಮ್ಮ ಓಣಿಯ ಮಕ್ಕಳಿಗೆ ಹಿಡಿಸಿದ್ದು ಬೇರೆ. ಆ ಕೂಟದಲ್ಲಿ ಲಗೋರಿಯನ್ನೂ ಪ್ರದರ್ಶನ ಆಟವಾಗಿ ಸೇರಿಸಿದ್ದರು. ನಾವು ಮನೆ ಮುಂದೆ ಹೆಂಚಿನ ಚೂರು ಪೇರಿಸಿಕೊಂಡು ಆಡುವ ಆಟ ದೇಶದ ಕೂಟಕ್ಕೆ ಬಂತು ಅಂತ ಹುಡುಗರಿಗೆ ಹಬ್ಬವೋ ಹಬ್ಬ. ನಮ್ಮ ಓಣಿಯಲ್ಲಿ ಕನ್ನಡದವರ ಮನೆಗಳು, ಕೊಂಕಣಿಯವರ ಮನೆಗಳು ಅಕ್ಕಪಕ್ಕ ಇವೆ. ಪ್ರತಿ ವರ್ಷ ಜನವರಿ 26ಕ್ಕೆ ಎಲ್ಲ ಸೇರಿ ಮಕ್ಕಳ ಆಟೋಟ ಇಡುತ್ತೇವೆ. 2024ರಲ್ಲಿ ಆಟ ಮುಗಿದು ಬಹುಮಾನ ಕೊಡುವಾಗ ಒಂದು ಪುಟ್ಟ ಹುಡುಗಿ ನನ್ನ ಅಂಗಿ ಎಳೆದು, 'ಕಾಕಾ, ಮೋಗಾ ಯಾಕ ಬರಲಿಲ್ಲ?' ಅಂತ ಕೇಳಿದಳು. ಆ ಪ್ರಶ್ನೆ ವರ್ಷವಿಡೀ ತಲೆಯಲ್ಲಿ ಉಳಿಯಿತು.

ಮೋಗಾನನ್ನೇ ನಕಲು ಮಾಡುವುದು ನನಗೆ ಬೇಡವಾಗಿತ್ತು. ಅದು ಆ ಕೂಟದ ಗುರುತು, ಅವರದ್ದು. ನಮ್ಮ ಮಕ್ಕಳಿಗೆ ನಮ್ಮದೇ ಒಂದು ಕಾಡುಕೋಣ ಇರಲಿ ಅಂತ ತೀರ್ಮಾನಿಸಿದೆ. ಗುವಾಹಟಿಯ 2007ರ ಕೂಟಕ್ಕೆ ರೊಂಗ್‌ಮೊನ್ ಅನ್ನುವ ಘೇಂಡಾಮೃಗ, ಕೇರಳದ 2015ರ ಕೂಟಕ್ಕೆ ಅಮ್ಮು ಅನ್ನುವ ಮಂಗಟ್ಟೆ ಹಕ್ಕಿ, ಗುಜರಾತಿನ 2022ರ ಕೂಟಕ್ಕೆ ಸಾವಜ್ ಅನ್ನುವ ಸಿಂಹ. ಯಾವ ರಾಜ್ಯದವರೂ ಎಲ್ಲಿಂದಲೋ ಹುಲಿ, ಕರಡಿ ತರಲಿಲ್ಲ, ತಮ್ಮ ಕಾಡಿನದನ್ನೇ ಹುಡುಕಿದರು. ನಮಗೆ ಕಾಡುಕೋಣಕ್ಕಿಂತ ಒಳ್ಳೆಯದು ಯಾವುದು ಸಿಗುತ್ತದೆ? ಗೋವೆಯ ಮೊಲ್ಲೆಂ ಕಾಡಿನ ಪಕ್ಕದಲ್ಲೇ ನಮ್ಮ ಕರ್ನಾಟಕದ ಕಾಳಿ ಹುಲಿ ಸಂರಕ್ಷಿತ ಪ್ರದೇಶ. ಅಲ್ಲಿಯ ಕಾಡುಕೋಣಕ್ಕೆ ಗಡಿ ಗೊತ್ತಿಲ್ಲ. ಎರಡು ಕಡೆಯವರೂ ನಮ್ಮದು ಅನ್ನಬಹುದು.

ಮೊದಲ ಭಾನುವಾರ, ರಟ್ಟಿನ ತಲೆ

2024ರ ಡಿಸೆಂಬರ್ 1. ಫೋಮ್‌ಗೆ ಕೈ ಹಾಕುವ ಮುಂಚೆ ಫ್ರಿಜ್ ಬಂದಿದ್ದ ರಟ್ಟಿನ ಪೆಟ್ಟಿಗೆ ಕತ್ತರಿಸಿ ಒಂದು ತಲೆ ಮಾಡಿಕೊಂಡೆ. ಸೋಫಾ ಮಾಡುವಾಗಲೂ ನಾನು ಹೀಗೇ ಮಾಡುವುದು. ರಟ್ಟು ಹಾಳಾದರೆ ಬೇಜಾರಿಲ್ಲ.

ಒಳಗೆ ಕಟ್ಟಡ ಕೆಲಸದವರು ಹಾಕುವ ಪ್ಲಾಸ್ಟಿಕ್ ಹೆಲ್ಮೆಟ್. ಹಿಂದೆ ತಿರುಗಿಸುವ ಗುಂಡಿ ಇರುವಂಥದ್ದು, ಯಾರ ತಲೆಗೆ ಬೇಕಾದರೂ ಬಿಗಿ ಮಾಡಬಹುದು. ಬೈಕ್ ಹೆಲ್ಮೆಟ್ ಬೇಡ. ತೂಕ ಜಾಸ್ತಿ, ಕಿವಿ ಮುಚ್ಚುತ್ತದೆ. ಒಳಗಿರುವವನಿಗೆ ಹೊರಗಿನ ಮಾತು ಕೇಳಿಸಲೇಬೇಕು. ಕಟ್ಟಡದ ಹೆಲ್ಮೆಟ್ಟಿನಲ್ಲಿ ಇನ್ನೊಂದು ಒಳ್ಳೆಯದಿದೆ. ಪಟ್ಟಿಗಳ ಮೇಲೆ ತಲೆ ಕೂರುತ್ತದೆ, ಮೇಲೆ ಎರಡು ಬೆರಳು ಜಾಗ ಉಳಿಯುತ್ತದೆ. ಗಾಳಿ ಆಡುತ್ತದೆ.

ರಟ್ಟಿನ ತಲೆಗೆ ಕೋಡು, ಕಿವಿ ಸಿಕ್ಕಿಸಿ ಹೊರಗೆ ತಂದೆ. ಓಣಿಯ ಮಕ್ಕಳು ಓಡಿ ಬಂದರು. 'ಎಮ್ಮಿ! ಎಮ್ಮಿ!' ಅಂದರು ಎಲ್ಲ ಒಟ್ಟಿಗೆ.

ನನ್ನ ಹೆಂಡತಿಯ ತವರು ಕೊಪ್ಪದ ಕಡೆ. ಅವಳು ಬಾಗಿಲಲ್ಲಿ ನಿಂತು ನೋಡಿ, 'ಮಕ್ಳು ಹೇಳಿದ್ದು ಸರಿ ಮಾರಾಯ್ರೆ. ಇದು ಎಮ್ಮೆನೇ. ಕಾಟಿಗೆ ಹಣೆ ಹಿಂಗಿರಲ್ಲ' ಅಂದಳು. ಅವರ ಕಡೆ ಕಾಡುಕೋಣಕ್ಕೆ ಕಾಟಿ ಅಂತಾರೆ. ತೋಟಕ್ಕೆ ನುಗ್ಗುವ ಕಾಟಿಗಳನ್ನು ನೋಡಿಕೊಂಡೇ ಬೆಳೆದವಳು. ಅವತ್ತಿನಿಂದ ನಮ್ಮ ಮನೆಯಲ್ಲಿ ಅದರ ಹೆಸರು ಕಾಟಿ ಅಂತಲೇ ಆಯಿತು. ಇಲ್ಲಿಯೂ ಹಾಗೇ ಬರೆಯುತ್ತೇನೆ.

ಹಣೆ

ಎರಡನೇ ಭಾನುವಾರ ಕತ್ತರಿ ಹಿಡಿಯಲೇ ಇಲ್ಲ. ಕಾಟಿ ಅಂದರೆ ಹೇಗಿರುತ್ತದೆ ಅಂತ ಕೂತು ಕಲಿತೆ. ಎಷ್ಟೋ ವರ್ಷದ ಹಿಂದೆ ನಾನೂ ಒಂದನ್ನು ನೋಡಿದ್ದೆ. ಹುಬ್ಬಳ್ಳಿಯಿಂದ ಬರುವ ಬಸ್ಸು ಅನ್ಮೋಡ ಘಾಟಿನಲ್ಲಿ ಬೆಳಗಿನ ಜಾವ ನಿಂತಿತು. ಡ್ರೈವರ್ ಲೈಟು ಸಣ್ಣದು ಮಾಡಿದ. ರಸ್ತೆ ಬದಿಯಲ್ಲಿ ಕಪ್ಪಗೆ ಒಂದು ಗೋಡೆ ನಿಂತ ಹಾಗಿತ್ತು. ಅದರ ಕೆಳಗೆ ನಾಲ್ಕು ಬಿಳಿ ಕಾಲು. ಬಿಳಿ ಸಾಕ್ಸ್ ಹಾಕಿಕೊಂಡು ಯಾರೋ ಕತ್ತಲಲ್ಲಿ ನಿಂತ ಹಾಗೆ. ತಲೆ ಎತ್ತಿ ನಮ್ಮನ್ನು ನೋಡಿತು, ಸದ್ದಿಲ್ಲದೆ ಇಳಿಜಾರಿಗೆ ಇಳಿದು ಹೋಯಿತು. ಅಷ್ಟು ದೊಡ್ಡ ಮೈ, ಒಂದು ಕಡ್ಡಿ ಮುರಿದ ಸದ್ದೂ ಬರಲಿಲ್ಲ.

ಫೋಟೋಗಳನ್ನು ನೋಡುತ್ತಾ, ಹೆಂಡತಿಯನ್ನು ಕೇಳುತ್ತಾ ಗುರುತು ಹಾಕಿಕೊಂಡೆ. ಎಮ್ಮೆಯ ಕೋಡು ಹಿಂದಕ್ಕೆ ಮಲಗುತ್ತದೆ. ಕಾಟಿಯ ಕೋಡು ಪಕ್ಕಕ್ಕೆ ಹೊರಟು, ಮೇಲೆ ಎದ್ದು, ತುದಿಯಲ್ಲಿ ಒಳಗೆ ಬಾಗುತ್ತದೆ. ಬುಡದಲ್ಲಿ ತಿಳಿ ಹಳದಿ, ಸ್ವಲ್ಪ ಹಸಿರು ಕಲೆಸಿದ ಹಾಗೆ, ತುದಿ ಮಾತ್ರ ಕಪ್ಪು. ಗಂಡು ಹೆಣ್ಣು ಎರಡಕ್ಕೂ ಕೋಡು ಇದೆ. ಬೆನ್ನಿನ ಮೇಲೆ ಭುಜದಿಂದ ಒಂದು ಏಣು ಹೊರಟು ಅರ್ಧ ಬೆನ್ನಿಗೆ ತಟ್ಟನೆ ಮುಗಿಯುತ್ತದೆ. ಎತ್ತಿನ ಹಿಣಿಲು ಬೇರೆ, ಇದು ಬೇರೆ. ಮೊಣಕಾಲಿನಿಂದ ಕೆಳಗೆ ಬಿಳಿ.

ಎಲ್ಲಕ್ಕಿಂತ ಮುಖ್ಯ ಹಣೆ. ಎರಡು ಕೋಡಿನ ನಡುವೆ ಬೂದು ಬಣ್ಣದ ಒಂದು ದಿಣ್ಣೆ ಮೇಲೆದ್ದು ಮುಂದಕ್ಕೆ ಉಬ್ಬಿರುತ್ತದೆ. ಎಮ್ಮೆಗೂ ಹೋರಿಗೂ ಅದಿಲ್ಲ. ರಟ್ಟಿನ ತಲೆಯಲ್ಲಿ ನಾನು ಅದನ್ನೇ ಬಿಟ್ಟಿದ್ದೆ. ಒಂದು ಹಳೇ ದಿಂಬನ್ನು ಮಡಚಿ ರಟ್ಟಿನ ಹಣೆಯ ಮೇಲೆ ದಾರದಿಂದ ಕಟ್ಟಿ ಹೆಂಡತಿಗೆ ತೋರಿಸಿದೆ. 'ಈಗ ಕಾಟಿ' ಅಂದಳು. ಬೇರೇನೂ ಬದಲಾಗಿರಲಿಲ್ಲ, ದಿಂಬು ಒಂದೇ.

ಬಣ್ಣದ ಬಗ್ಗೆಯೂ ಒಂದು ಮಾತು. ದೊಡ್ಡ ಗಂಡು ಹೆಚ್ಚುಕಡಿಮೆ ಕರ್ರಗೆ ಇರುತ್ತದೆ. ಹೆಣ್ಣು, ಎಳೆಯವು ಕಂದು. ಮಕ್ಕಳು ತಬ್ಬಿಕೊಳ್ಳುವ ಪ್ರಾಣಿ ಕರ್ರಗೆ ಇದ್ದರೆ ಸಂಜೆ ಹೊತ್ತು ಹೆದರುತ್ತಾರೆ. ಅದಕ್ಕೆ ಇನ್ನೂ ಕಪ್ಪಾಗದ ಪ್ರಾಯದ ಗಂಡು ಅಂತ ಇಟ್ಟುಕೊಂಡು ಗಾಢ ಕಂದು ಆರಿಸಿದೆ.

ಫೋಮ್

ಮೂರನೇ ಭಾನುವಾರ ಕೆಲಸ ಜೋರು. ಇದು ನನ್ನ ಕೈ ಪಳಗಿದ ಕೆಲಸ. ಅಂಗಡಿಯಲ್ಲಿ ಉಳಿದ ಒಂದು ಇಂಚಿನ ಯು ಫೋಮ್ ತುಂಡುಗಳು ಇದ್ದವು. 32 ಡೆನ್ಸಿಟಿಯದ್ದು ಬಳಸಿದೆ. 40 ಗಟ್ಟಿ, ತೂಕ ಜಾಸ್ತಿ. ಅದಕ್ಕಿಂತ ಮೆತ್ತಗಿನದು ಹಾಕಿದರೆ ಮೂತಿ ಜೋತು ಬೀಳುತ್ತದೆ.

ಚಪ್ಪಟೆ ಫೋಮನ್ನು ಗುಂಡಗೆ ಮಾಡುವ ಬಗೆ ತುಂಬಾ ಜನಕ್ಕೆ ಗೊತ್ತಿಲ್ಲ. ಅಂಚಿನಲ್ಲಿ ಪಿಜ್ಜಾ ತುಂಡಿನ ಆಕಾರದಲ್ಲಿ ಒಂದು ಸೀಳು ತೆಗೆಯಬೇಕು. ಆ ಸೀಳಿನ ಎರಡು ಬದಿಗೂ ಅಂಟು ಹಚ್ಚಿ ಕೂಡಿಸಿದರೆ ಫೋಮ್ ತಾನಾಗಿ ಬಟ್ಟಲಿನ ಹಾಗೆ ಬಾಗುತ್ತದೆ. ಸೀಳು ಅಗಲವಾದಷ್ಟೂ ಬಾಗು ಜಾಸ್ತಿ. ರವಿಕೆಗೆ ಟಕ್ಸ್ ಹಿಡಿಯುತ್ತಾರಲ್ಲ, ಅದೇ ಲೆಕ್ಕ. ಮೂತಿಗೆ ನಾಲ್ಕು ಸೀಳು, ಕೆನ್ನೆಗೆ ಎರಡೆರಡು, ಹಣೆಯ ದಿಣ್ಣೆಗೆ ಆರು.

ಅಂಟು ಫೆವಿಕಾಲ್ ಎಸ್‌ಆರ್. ಎರಡೂ ಕಡೆ ತೆಳ್ಳಗೆ ಹಚ್ಚಿ, ಬೆರಳು ಇಟ್ಟರೆ ಅಂಟಬಾರದು, ಅಲ್ಲಿವರೆಗೆ ಕಾಯಬೇಕು. ನಮ್ಮ ಸೆಕೆಗೆ ಹತ್ತು ನಿಮಿಷ ಸಾಕು. ಆಮೇಲೆ ಒಂದೇ ಸಲ ಸರಿಯಾಗಿ ಕೂಡಿಸಿ ಒತ್ತಬೇಕು. ಒಮ್ಮೆ ಕಚ್ಚಿದರೆ ಬಿಡಿಸಲು ಹೋಗಬೇಡಿ, ಫೋಮೇ ಹರಿಯುತ್ತದೆ. ಬಾಗಿಲು ಕಿಟಕಿ ತೆಗೆದಿಟ್ಟು ಮಾಡಿ. ಆ ವಾಸನೆ ತಲೆಗೆ ಹತ್ತುತ್ತದೆ. ಕಟರ್ ಬ್ಲೇಡನ್ನು ನಾಲ್ಕು ಕಟ್ಟಿಗೊಮ್ಮೆ ಮುರಿದು ಹೊಸ ತುದಿ ಮಾಡಿಕೊಳ್ಳಿ. ಮೊಂಡು ಬ್ಲೇಡು ಫೋಮನ್ನು ಕತ್ತರಿಸುವುದಿಲ್ಲ, ಕಚ್ಚಿ ಕಿತ್ತು ಹಾಕುತ್ತದೆ.

ಸಂಜೆಗೆ ತಲೆ ಒಂದು ಆಕಾರಕ್ಕೆ ಬಂತು. ಹಳದಿ ಫೋಮಿನ ತಲೆ, ಕೋಡಿಲ್ಲ, ಕಣ್ಣಿಲ್ಲ. ಆದರೂ ಪಕ್ಕದ ಮನೆ ಕೊಂಕಣಿ ಅಜ್ಜಿ ಇಣುಕಿ, 'ಗವೊ ರೆಡೊ!' ಅಂದರು. ಕಾಟಿಗೆ ಇಲ್ಲಿಯವರು ಕರೆಯುವ ಹೆಸರು. ಕೇಳದೆ ಬಂದ ಆ ಮಾತಿಗೆ ನನಗಾದ ಖುಷಿ ಅಷ್ಟಿಷ್ಟಲ್ಲ.

ಕೋಡು ಕರಗಿದ್ದು

ನಾಲ್ಕನೇ ಭಾನುವಾರ ಪೂರ್ತಿ ಹಾಳು. ಕೋಡಿಗೆ ಥರ್ಮಾಕೋಲ್ ತಂದೆ. ಹಗುರ, ಕೆತ್ತಲು ಸುಲಭ. ಬೆಳಗ್ಗೆಯಿಂದ ಮಧ್ಯಾಹ್ನದವರೆಗೆ ಕೆತ್ತಿ, ಮರಳು ಕಾಗದದಲ್ಲಿ ಉಜ್ಜಿ ಎರಡು ಚೆಂದದ ಕೋಡು ಮಾಡಿದೆ. ಬುಡಕ್ಕೆ ಎಸ್‌ಆರ್ ಹಚ್ಚಿದೆ. ಹಚ್ಚಿದ ಕಡೆ ಥರ್ಮಾಕೋಲ್ ಸುಯ್ ಅಂತ ಒಳಗೆ ಇಳಿಯತೊಡಗಿತು. ಬಿಸಿ ಅನ್ನಕ್ಕೆ ಹಾಕಿದ ಬೆಣ್ಣೆ ಹಾಗೆ. ಒರೆಸಲು ಹೋದೆ, ಇನ್ನಷ್ಟು ಕರಗಿತು. ಹತ್ತು ನಿಮಿಷದಲ್ಲಿ ಬುಡದಲ್ಲಿ ಮುಷ್ಟಿ ಗಾತ್ರದ ತೂತು.

ಎಸ್‌ಆರ್‌ನಲ್ಲಿರುವ ದ್ರಾವಕ ಥರ್ಮಾಕೋಲನ್ನು ತಿಂದು ಹಾಕುತ್ತದೆ. ಇಷ್ಟು ವರ್ಷ ಫೋಮ್, ಪ್ಲೈವುಡ್, ರೆಕ್ಸಿನ್ ಮೇಲೆ ಹಚ್ಚಿದ್ದೆನೇ ಹೊರತು ಥರ್ಮಾಕೋಲ್ ಮೇಲೆ ಎಂದೂ ಹಚ್ಚಿರಲಿಲ್ಲ. ಸ್ಪ್ರೇ ಪೇಂಟೂ ಹಾಗೇ ಮಾಡುತ್ತದೆ. ಥರ್ಮಾಕೋಲ್‌ಗೆ ಮರದ ಕೆಲಸದ ಬಿಳಿ ಫೆವಿಕಾಲ್ ಮಾತ್ರ.

ನಮ್ಮ ಓಣಿಯ ಹಿರಿಯರೊಬ್ಬರು ವಿಷಯ ಕೇಳಿ, ತಮ್ಮ ಪರಿಚಯದವರ ಹಳೇ ಮನೆಯಲ್ಲಿ ನಿಜವಾದ ಕೋಡು ಇದೆ, ತರಿಸಿಕೊಡಲಾ ಅಂದರು. ಬೇಡವೇ ಬೇಡ ಅಂದೆ. ಕಾಟಿ ವನ್ಯಜೀವಿ ಕಾಯ್ದೆಯ 1ನೇ ಶೆಡ್ಯೂಲಿನಲ್ಲಿ ಇರುವ ಪ್ರಾಣಿ. ಕಾಯ್ದೆ ಒಂದು ಕಡೆ ಇರಲಿ. ಸತ್ತ ಕಾಟಿಯ ಕೋಡು ಸಿಕ್ಕಿಸಿಕೊಂಡು ಮಕ್ಕಳ ಮುಂದೆ ಕುಣಿಯುವುದು ನನಗೆ ಸರಿ ಕಾಣಲಿಲ್ಲ.

ದಾರಿ ತೋರಿಸಿದವರು ಪಕ್ಕದ ಓಣಿಯ ಕೊಂಕಣಿ ಹುಡುಗರು. ಗೋವೆಯಲ್ಲಿ ದೀಪಾವಳಿಗೆ ಓಣಿ ಓಣಿಯಲ್ಲೂ ನರಕಾಸುರನನ್ನು ಕಟ್ಟುತ್ತಾರೆ. ಒಳಗೆ ಬಿದಿರು, ಕಬ್ಬಿಣದ ಚೌಕಟ್ಟು, ಮೈಗೆ ಒಣ ಹುಲ್ಲು, ಮೇಲೆ ಕಾಗದದ ಮುಖವಾಡ. ರಾತ್ರಿಯೆಲ್ಲ ಮೆರೆಸಿ ನರಕ ಚತುರ್ದಶಿಯ ಬೆಳಗಿನ ಜಾವ ಸುಡುತ್ತಾರೆ. ಆ ಹುಡುಗರಿಗೆ ಕಾಗದದ ಕೆಲಸ ಚೆನ್ನಾಗಿ ಬರುತ್ತದೆ. ತಂತಿ ಬಾಗಿಸಿ ಕೋಡಿನ ಎಲುಬು ಮಾಡಿದರು. ಮೈದಾ ಗಂಜಿಗೆ ಸ್ವಲ್ಪ ಫೆವಿಕಾಲ್ ಕಲೆಸಿ, ಪೇಪರಿನ ಪಟ್ಟಿಗಳನ್ನು ಅದರಲ್ಲಿ ಅದ್ದಿ ಸುತ್ತಿದರು. ಒಂದು ಪದರ ಅಡ್ಡ, ಒಂದು ಪದರ ಉದ್ದ. ಪೇಪರನ್ನು ಕತ್ತರಿಯಿಂದ ಕತ್ತರಿಸಬಾರದು, ಕೈಯಲ್ಲೇ ಹರಿಯಬೇಕು ಅಂತ ಹೇಳಿಕೊಟ್ಟರು. ಹರಿದ ಅಂಚು ತೆಳ್ಳಗಿರುತ್ತದೆ, ಪಕ್ಕದ ಪಟ್ಟಿಯೊಳಗೆ ಸೇರಿ ಹೋಗುತ್ತದೆ. ಕತ್ತರಿಸಿದ ಅಂಚು ಒಣಗಿದ ಮೇಲೂ ಗೆರೆಯಾಗಿ ಎದ್ದು ಕಾಣುತ್ತದೆ. ಮೂರು ಪದರ ಹಾಕಿ ಒಂದು ದಿನ ಒಣಗಿಸಿ, ಮತ್ತೆ ಮೂರು. ಸಮುದ್ರದ ಗಾಳಿಗೆ ಒಣಗಲು ಹೊತ್ತು ಬೇಕು. ಆತುರ ಮಾಡಿದರೆ ಒಳಗೆ ಬೂಷ್ಟು ಹಿಡಿಯುತ್ತದೆ.

ಒಣಗಿದ ಕೋಡನ್ನು ಕೈಯಲ್ಲಿ ಹಿಡಿದಾಗ ಇನ್ನೊಂದು ಯೋಚನೆ ಬಂತು. ತುದಿ ಗಟ್ಟಿ. ಇದನ್ನು ಹಾಕಿಕೊಂಡವನು ಬಗ್ಗಿದರೆ ತುದಿ ಸರಿಯಾಗಿ ಐದು ವರ್ಷದ ಮಗುವಿನ ಕಣ್ಣಿನ ಎತ್ತರಕ್ಕೆ ಬರುತ್ತದೆ. ಎರಡೂ ಕೋಡಿನ ತುದಿ ನಾಲ್ಕು ಇಂಚು ಕತ್ತರಿಸಿ ತೆಗೆದೆ. ಆ ಜಾಗಕ್ಕೆ ಮೆತ್ತನೆ ಫೋಮಿನ ತುದಿ, ಮೇಲೆ ಕಪ್ಪು ರೆಕ್ಸಿನ್. ಕಣ್ಣಿಗೆ ತಾಗಿದರೂ ಮಡಚಿಕೊಳ್ಳುತ್ತದೆ. ಯಾರು ಮಾಡಿದರೂ ಇದೊಂದನ್ನು ಮಾತ್ರ ಬಿಡಬೇಡಿ.

ಒಳಗಿನವನ ಕಷ್ಟ

ಹಾಕಿಕೊಳ್ಳುವವನು ನನ್ನ ಅಕ್ಕನ ಮಗ, 19 ವರ್ಷ. ಐದನೇ ಭಾನುವಾರ ಅವನಿಗೆ ತೊಡಿಸಿ ಅಂಗಡಿಯಲ್ಲೇ ನಡೆಸಿದೆ. ಐದು ನಿಮಿಷಕ್ಕೆ ಒಳಗಿನಿಂದ ದನಿ ಬಂತು: 'ಮಾಮಾ, ಒಳಗ ಕುದ್ದ ಹೋಗಾಕತ್ತೀನಿ. ತಗೀ ಇದನ್ನ.'

ತೆಗೆದಾಗ ಮುಖವೆಲ್ಲ ನೀರು. ತೂಕ ನೋಡಿದರೆ 3 ಕಿಲೋ 800 ಗ್ರಾಂ. ಮೂತಿ ಮುಂದೆ ಚಾಚಿಕೊಂಡಿದ್ದರಿಂದ ತಲೆ ಮುಂದಕ್ಕೇ ಬೀಳುತ್ತಿತ್ತು. ಕತ್ತಿನ ಹಿಂದೆ ಕೆಂಪು ಗೆರೆ ಬಿದ್ದಿತ್ತು. ಹೊರಗಿನಿಂದ ಎಷ್ಟು ಚೆಂದ ಇದ್ದರೇನು, ಒಳಗಿನ ಹುಡುಗನಿಗೆ ಉಸಿರಾಡಲು ಆಗದಿದ್ದರೆ ಅದನ್ನು ತೊಡಿಸುವ ಹಾಗಿಲ್ಲ. ಅವತ್ತು ರಾತ್ರಿ ಊಟ ಸರಿಯಾಗಿ ಸೇರಲಿಲ್ಲ.

ಮರುದಿನದಿಂದ ಕಡಿಮೆ ಮಾಡುತ್ತಾ ಬಂದೆ. ಕೆನ್ನೆ, ಹಿಂದಲೆಯ ಫೋಮನ್ನು ಒಳಗಿನಿಂದ ಅರ್ಧ ಇಂಚು ಕೆರೆದು ತೆಗೆದೆ. ಮೂತಿಯೊಳಗೆ ಆಧಾರಕ್ಕೆ ಇಟ್ಟಿದ್ದ ಪ್ಲೈವುಡ್ ಚೂರು ತೆಗೆದು ಬೆತ್ತದ ಒಂದು ಬಳೆ ಕೂರಿಸಿದೆ. ಕೋಡಿನ ಬುಡದ ತಂತಿ ಅರ್ಧ ಕಿತ್ತೆ. 2 ಕಿಲೋ 300ಕ್ಕೆ ಬಂದು ನಿಂತಿತು.

ಇನ್ನು ಸೆಕೆ. 5 ವೋಲ್ಟಿನ ಒಂದು ಪುಟ್ಟ ಫ್ಯಾನು ತಂದು ಮೊದಲು ಮೂತಿಯ ಹತ್ತಿರ, ಮುಖಕ್ಕೆ ಗಾಳಿ ಬರುವ ಹಾಗೆ ಇಟ್ಟೆ. ಪ್ರಯೋಜನ ಆಗಲಿಲ್ಲ. ಒಳಗಿನ ಬಿಸಿ ಗಾಳಿಯೇ ಸುತ್ತುತ್ತಿತ್ತು. ಬಿಸಿ ಗಾಳಿ ಮೇಲಕ್ಕೆ ಹೋಗುತ್ತದೆ, ಅದನ್ನು ಮೇಲಿನಿಂದಲೇ ಹೊರಗೆ ಎಳೆಯಬೇಕು. ಆದರೆ ತಲೆಯ ಮೇಲೆ ಫ್ಯಾನ್ ಇಟ್ಟರೆ ಎಲ್ಲರಿಗೂ ಕಾಣುತ್ತದಲ್ವಾ? ಎರಡು ದಿನ ಇದೇ ಯೋಚನೆ.

ಮೂರನೇ ದಿನ ಒಂದು ಕಾರಿನ ಸೀಟು ಬಿಚ್ಚುತ್ತಿದ್ದೆ. ಅದರ ಹೆಡ್‌ರೆಸ್ಟ್ ನೋಡುತ್ತಿದ್ದ ಹಾಗೆ ಹೊಳೆಯಿತು. ಹಣೆಯ ದಿಣ್ಣೆ! ಅದರ ಒಳಗೆ ಟೊಳ್ಳು. ಫ್ಯಾನನ್ನು ದಿಣ್ಣೆಯೊಳಗೆ ಮಲಗಿಸಿ, ಎರಡು ಕೋಡಿನ ನಡುವೆ ಹಿಂಬದಿಗೆ ಗಾಳಿ ಹೋಗುವ ಸೀಳು ಮಾಡಿದರೆ ಮುಂದಿನಿಂದ ಏನೂ ಕಾಣುವುದಿಲ್ಲ. ಸೀಳಿನ ಮೇಲೆ ಒಂದಿಷ್ಟು ಕೂದಲು ಹೊಲಿದರೆ ಹಿಂದಿನಿಂದಲೂ ಕಾಣುವುದಿಲ್ಲ. ಅವತ್ತೇ ರಾತ್ರಿ ಕೂರಿಸಿದೆ. ತಣ್ಣನೆ ಗಾಳಿ ಬಾಯಿಂದ ಒಳಗೆ ಬಂದು, ಮುಖದ ಮೇಲೆ ಹಾದು, ಹೆಲ್ಮೆಟ್ಟಿನ ಸಂದಿಯಿಂದ ಮೇಲೆ ಹೋಗಿ ದಿಣ್ಣೆಯ ಹಿಂದೆ ಹೊರಬೀಳುತ್ತದೆ. ಯಾವ ದಿಣ್ಣೆ ಇಲ್ಲದೆ ಮಕ್ಕಳು ಎಮ್ಮೆ ಅಂದಿದ್ದರೋ, ಆ ದಿಣ್ಣೆಯೇ ಹುಡುಗನ ಉಸಿರು ಉಳಿಸಿತು.

ಪವರ್ ಬ್ಯಾಂಕನ್ನು ಜೇಬಿನಲ್ಲಿ ಇಡದೆ ತಲೆಯ ಹಿಂಭಾಗದಲ್ಲಿ ಒಂದು ಚೀಲ ಹೊಲಿದು ಅದರಲ್ಲಿಟ್ಟೆ. ಮೂತಿಯ ಭಾರಕ್ಕೆ ಹಿಂದಿನಿಂದ ಅದು ಸರಿತೂಕ ಆಯಿತು. ಮುಂದಕ್ಕೆ ಬೀಳುವುದು ನಿಂತಿತು. ತಂತಿಗಳನ್ನು ಬಟ್ಟೆಯ ಪಟ್ಟಿಯೊಳಗೆ ಹಾಯಿಸಿ ಹೊಲಿದಿದ್ದೇನೆ, ಬೆವರು ತಾಗಬಾರದು.

ಕಣ್ಣು ಮತ್ತು ಬಟ್ಟೆ

ಒಳಗಿನವನು ನೋಡುವುದು ಕಾಟಿಯ ಕಣ್ಣಿನಿಂದಲ್ಲ, ಬಾಯಿಂದ. ಒಂಬತ್ತು ಇಂಚು ಅಗಲ, ಮೂರು ಇಂಚು ಎತ್ತರದ ಬಾಯಿ ಬಿಟ್ಟು ಕಪ್ಪು ಬಲೆ ಬಟ್ಟೆ ಹಾಕಿದೆ. ಮೊದಲು ಸೊಳ್ಳೆ ಪರದೆಯ ಬಿಳಿ ಬಲೆ ಹಾಕಿ ನೋಡಿದ್ದೆ. ಬಿಸಿಲು ಬಿದ್ದ ಕೂಡಲೇ ಅದೇ ಹೊಳೆದು ಹೊರಗಿನದು ಏನೂ ಕಾಣಲಿಲ್ಲ. ಕಪ್ಪು ಬಲೆಯಲ್ಲಿ ಒಳಗಿನಿಂದ ಎಲ್ಲ ಕಾಣುತ್ತದೆ, ಹೊರಗಿನವರಿಗೆ ಒಳಗಿನ ಮುಖ ಕಾಣುವುದಿಲ್ಲ. ಆದರೂ ಕಾಲ ಬುಡ ಕಾಣುವುದಿಲ್ಲ. ಚಿಕ್ಕ ಮಕ್ಕಳು ಅಲ್ಲೇ ಬಂದು ನಿಲ್ಲುತ್ತಾರೆ. ಹಾಗಾಗಿ ಕಾಟಿಯ ಜೊತೆ ಕೈ ಹಿಡಿದು ನಡೆಯಲು ಒಬ್ಬರು ಇರಲೇಬೇಕು.

ಕಾಟಿಯ ಕಣ್ಣಿಗೆ ಪ್ಲಾಸ್ಟಿಕ್ ಚೆಂಡು ಅರ್ಧಕ್ಕೆ ಕೊಯ್ದು ಕಪ್ಪು ಬಣ್ಣ ಹಚ್ಚಿ ಕೂರಿಸಿದೆ, ಮೇಲೆ ಫೋಮಿನ ರೆಪ್ಪೆ. ನೋಡಿದರೆ ಕಾಟಿ ಸಿಟ್ಟಿನಿಂದ ಗುರಾಯಿಸುತ್ತಿತ್ತು. ರೆಪ್ಪೆಯ ಒಳಗಿನ ತುದಿ ಕೆಳಗೆ, ಹೊರಗಿನ ತುದಿ ಮೇಲೆ ಆಗಿತ್ತು. ರೆಪ್ಪೆ ಕಿತ್ತು, ಹೊರಗಿನ ತುದಿಯನ್ನು ಒಂದು ಸೆಂಟಿಮೀಟರ್ ಇಳಿಸಿ ಮತ್ತೆ ಅಂಟಿಸಿದೆ. ಅಷ್ಟಕ್ಕೇ ಮುಖ ಪೂರ್ತಿ ಬದಲಾಯಿತು. ಅನ್ಮೋಡದಲ್ಲಿ ನಮ್ಮ ಬಸ್ಸನ್ನು ನೋಡಿದ ಕಾಟಿಯ ನೋಟ ಅದು. ಹೆದರಿಲ್ಲ, ಹೆದರಿಸುವುದೂ ಇಲ್ಲ. ಇವತ್ತಿಗೂ ಇಡೀ ತಲೆಯಲ್ಲಿ ನನಗೆ ಜಾಸ್ತಿ ಇಷ್ಟ ಆಗುವುದು ಆ ರೆಪ್ಪೆ.

ಮೇಲಿನ ಬಟ್ಟೆಗೆ ಎಲ್ಲರೂ ಹೇಳಿದ್ದು ಫರ್. ಆಟಿಕೆ ಗೊಂಬೆಗೆ ಹಾಕುವ ಉದ್ದ ಕೂದಲಿನದು. ಕಾಟಿಗೆ ಅದು ಸಲ್ಲದು. ಅದರ ಮೈಕೂದಲು ಗಿಡ್ಡ, ನುಣುಪು. ಸೋಫಾಕ್ಕೆ ಬಳಸುವ ಕಂದು ವೆಲ್ವೆಟ್ ಬಟ್ಟೆ ತಂದೆ. ವೆಲ್ವೆಟ್ಟಿನ ಮೇಲೆ ಕೈ ಆಡಿಸಿ ನೋಡಿ. ಒಂದು ದಿಕ್ಕಿಗೆ ನಯ, ಎದುರು ದಿಕ್ಕಿಗೆ ಒರಟು. ನಯವಾದ ದಿಕ್ಕು ಹಣೆಯಿಂದ ಮೂತಿಗೆ, ಕೆನ್ನೆಯಿಂದ ಕತ್ತಿಗೆ ಹರಿಯಬೇಕು, ನಿಜವಾದ ಪ್ರಾಣಿಯ ಕೂದಲು ಹೇಗೆ ಮಲಗಿರುತ್ತದೋ ಹಾಗೆ. ಒಂದು ತುಂಡು ತಿರುಗಿ ಬಿದ್ದರೂ ಬಿಸಿಲಿನಲ್ಲಿ ಅದೊಂದೇ ಬೇರೆ ಬಣ್ಣ ಕಾಣುತ್ತದೆ. ಎಡ ಕೆನ್ನೆಯಲ್ಲಿ ನನಗೆ ಹಾಗೇ ಆಯಿತು, ಬಿಚ್ಚಿ ಮತ್ತೆ ಹಾಕಿದೆ. ಹಣೆಯ ದಿಣ್ಣೆಗೆ ಬೂದು ಬಟ್ಟೆ, ಮೂತಿಯ ಸುತ್ತ ತಿಳಿ ಬಣ್ಣ. ಒಳಗಿನ ಅಸ್ತರಿ ಹತ್ತಿಯದು, ವೆಲ್ಕ್ರೋ ಹಾಕಿ ಬಿಚ್ಚಿ ಒಗೆಯುವ ಹಾಗೆ ಮಾಡಿದ್ದೇನೆ.

ಮೈಯ ಭಾಗ ಸುಲಭವಾಯಿತು. ಕಂದು ಟ್ರ್ಯಾಕ್ ಸೂಟ್, ಬೆನ್ನಿನ ಒಳಗೆ ಫೋಮಿನ ಏಣು, ಮೊಣಕಾಲಿನಿಂದ ಕೆಳಗೆ ಬಿಳಿ ಬಟ್ಟೆ. ಗೊರಸಿಗೆ ಹಳೇ ಚಪ್ಪಲಿಯ ಮೇಲೆ ಕಪ್ಪು ರೆಕ್ಸಿನ್. ಕೆಳಗೆ ರಬ್ಬರ್ ಅಟ್ಟೆಯೇ ಇರಲಿ, ರೆಕ್ಸಿನ್ ಅಟ್ಟೆ ಜಾರುತ್ತದೆ. ಒಟ್ಟು ಖರ್ಚು 3,500 ರೂಪಾಯಿಯ ಹತ್ತಿರ. ಅರ್ಧಕ್ಕಿಂತ ಹೆಚ್ಚು ವೆಲ್ವೆಟ್ಟಿಗೇ ಹೋಯಿತು. ಫೋಮ್ ಅಂಗಡಿಯದ್ದೇ.

ಎಂಟನೇ ಭಾನುವಾರ ಸುಮ್ನೆ ಬಿಸಿಲಿಗೆ ಇಟ್ಟೆ. ಅಂಟಿನ ವಾಸನೆ ಪೂರ್ತಿ ಹೋಗದೆ ಯಾರ ತಲೆಗೂ ಹಾಕುವುದಿಲ್ಲ ಅಂತ ಹಟ ಹಿಡಿದಿದ್ದೆ.

ಜನವರಿ 26

2025ರ ಜನವರಿ 26 ಭಾನುವಾರವೇ ಬಂತು. ಬಾವುಟ ಏರಿಸಿದ ಮೇಲೆ ಅಳಿಯ ತಲೆ ಹಾಕಿಕೊಂಡು ಮೂಲೆಯಿಂದ ನಡೆದು ಬಂದ. ಒಂದು ಕ್ಷಣ ಯಾರೂ ಮಾತಾಡಲಿಲ್ಲ. ಆಮೇಲೆ ಹೋದ ವರ್ಷ ಕೇಳಿದ್ದ ಅದೇ ಹುಡುಗಿ ಮುಂದೆ ಬಂದು ಹಣೆಯ ದಿಣ್ಣೆಯ ಮೇಲೆ ಕೈ ಇಟ್ಟಳು. 'ಇದು ಕಾಟಿ' ಅಂದಳು. ನನ್ನ ಹೆಂಡತಿ ಮೊದಲೇ ಹೇಳಿಕೊಟ್ಟಿದ್ದಳು ಅಂತ ಆಮೇಲೆ ಗೊತ್ತಾಯಿತು. ಆದರೂ ಪರವಾಗಿಲ್ಲ. ಉಳಿದ ಮಕ್ಕಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಒಬ್ಬರೂ ಎಮ್ಮೆ ಅನ್ನಲಿಲ್ಲ.

ಹದಿನೈದು ನಿಮಿಷ ಹಾಕಿಕೊಳ್ಳುವುದು, ಅರ್ಧ ಗಂಟೆ ತೆಗೆದು ನೀರು ಕುಡಿದು ನೆರಳಲ್ಲಿ ಕೂರುವುದು ಅಂತ ಮೊದಲೇ ಮಾತಾಗಿತ್ತು. ಅಳಿಯ ಇನ್ನೂ ಐದು ನಿಮಿಷ ಅಂದರೂ ನಾನು ಬಿಡಲಿಲ್ಲ. ಲಗೋರಿ ಆಟದಲ್ಲಿ ಕಾಟಿಯೇ ಮೊದಲ ಚೆಂಡು ಹೊಡೆಯಿತು. ಎಲ್ಲ ಏಳು ಚೂರೂ ಬಿದ್ದವು.

ಮೂರನೇ ಸುತ್ತಿನಲ್ಲಿ ಒಬ್ಬ ಹುಡುಗ ಹಾರಿ ಎಡಗೋಡಿಗೆ ಜೋತುಬಿದ್ದ. ಬುಡದಲ್ಲಿ ಅಂಟು ಬಿಟ್ಟು ಕೋಡು ಪಕ್ಕಕ್ಕೆ ವಾಲಿತು. ಹುಡುಗನಿಗೆ ಏನೂ ಆಗಲಿಲ್ಲ, ಅಳುವುದಕ್ಕೆ ಮಾತ್ರ ಶುರು ಮಾಡಿದ, ಕಾಟಿಗೆ ನೋವಾಯಿತು ಅಂತ. ಅಳಿಯ ಗೊರಸಿನ ಕೈಯಲ್ಲೇ ಅವನ ಬೆನ್ನು ಸವರಿದ. ಅಲ್ಲಿಗೆ ಆವತ್ತಿನ ಕಾಟಿ ಮುಗಿಯಿತು, ಉಳಿದ ಆಟ ಅದಿಲ್ಲದೆ ನಡೆಯಿತು.

ರಾತ್ರಿಯೇ ಬಿಚ್ಚಿ ನೋಡಿದೆ. ಬಿಸಿಲಿನ ಕಾವಿಗೆ ಎಸ್‌ಆರ್ ಮೆತ್ತಗಾಗಿತ್ತು. ಭಾರ ಬೀಳುವ ಜಾಗದಲ್ಲಿ ಬರೀ ಅಂಟು ಸಾಲದು. ಹೆಲ್ಮೆಟ್ಟಿಗೆ ನಾಲ್ಕು ತೂತು ಕೊರೆದು, ಕೋಡಿನ ಬುಡದಲ್ಲೂ ನಾಲ್ಕು ತೂತು ಮಾಡಿ, ಸೀಟು ಹೊಲಿಯುವ ನೈಲಾನ್ ದಾರವನ್ನು ಬಾಗಿದ ಸೂಜಿಯಲ್ಲಿ ಎರಡೆರಡು ಸುತ್ತು ಹಾಕಿ ಬಿಗಿದೆ. ಬಲಗೋಡಿಗೂ ಹಾಗೇ ಮಾಡಿದೆ. ಈಗ ಕೋಡು ಹಿಡಿದು ಎತ್ತಿದರೆ ಇಡೀ ತಲೆಯೇ ಮೇಲೆ ಬರುತ್ತದೆ.

ಎರಡು ದಿನ ಬಿಟ್ಟು, ಜನವರಿ 28ಕ್ಕೆ, ಡೆಹ್ರಾಡೂನ್‌ನಲ್ಲಿ 38ನೇ ರಾಷ್ಟ್ರೀಯ ಕ್ರೀಡಾಕೂಟ ಶುರುವಾಯಿತು. ಅಲ್ಲಿಯ ಮ್ಯಾಸ್ಕಟ್ ಮೌಲಿ, ಉತ್ತರಾಖಂಡದ ರಾಜ್ಯ ಪಕ್ಷಿ ಮೋನಾಲ್. ಟಿವಿಯಲ್ಲಿ ಅದನ್ನು ನೋಡುತ್ತಾ ನನ್ನ ಕಣ್ಣು ಹೋಗಿದ್ದು ಕೊಕ್ಕಿನ ಕೆಳಗೆ. ಒಳಗಿನವನು ಎಲ್ಲಿಂದ ನೋಡುತ್ತಾನೆ, ಗಾಳಿ ಎಲ್ಲಿಂದ ಹೋಗುತ್ತದೆ ಅಂತ.

ಕಾಟಿಯ ತಲೆ ಈಗ ಅಂಗಡಿಯ ಗೋಡೆಗೆ ತೂಗು ಹಾಕಿದೆ. ಸೀಟು ಮಾಡಿಸಲು ಬಂದವರು ನಿಂತು ನೋಡುತ್ತಾರೆ. ಎಡಗಾಲಿನ ಗೊರಸು ಸವೆದಿದೆ, ಅಸ್ತರಿ ಒಗೆದು ಮತ್ತೆ ಹಾಕಬೇಕು. ಜೋತುಬಿದ್ದ ಹುಡುಗ ಮೊನ್ನೆ ಬಂದು ಕೋಡು ಸರಿಯಾಗಿದೆಯಾ ಅಂತ ಮುಟ್ಟಿ ನೋಡಿದ. ಆಮೇಲೆ ಕೇಳಿದ, 'ಕಾಕಾ, ಇದರ ಕರು ಎಲ್ಲೈತಿ?' ಕಾಟಿಯ ಕರು ಹುಟ್ಟುವಾಗ ತಿಳಿ ಹೊನ್ನಿನ ಕಂದು ಬಣ್ಣದಲ್ಲಿರುತ್ತದೆ. ಆ ಬಣ್ಣದ ವೆಲ್ವೆಟ್ ಒಂದು ಸೋಫಾ ಕೆಲಸದಲ್ಲಿ ಎರಡು ಮೀಟರ್ ಉಳಿದಿತ್ತು. ಮಡಚಿ ಮೇಲಿನ ಕಪಾಟಿನಲ್ಲಿ ತೆಗೆದಿಟ್ಟಿದ್ದೇನೆ.